ಗುರುಗುಂಟಾ ಪರಿಸರದ ವಂಶಾವಳಿ ದಾಖಲೆಗಳು: ಪ್ರತಿಲೇಖನದ ಕೆಲವು ಸಮಸ್ಯೆಗಳು

ಕುಟುಂಬದ ಹುಟ್ಟು, ಮದುವೆ, ಸಾವುಗಳನ್ನು ಬರೆದಿಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲವೆಂದೂ ಅದು ವಸಾಹತು ಆಡಳಿತದೊಡನೆ ಬಂದದ್ದೆಂದೂ ಸಾಮಾನ್ಯವಾಗಿ ಹೇಳಲಾಗುತ್ತದೆ. ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು ತಾಲೂಕುಗಳ ಮಟ್ಟಿಗೆ ಈ ಮಾತು ಅರ್ಧಸತ್ಯ. ನಾಯಕ ಮನೆತನದ ಸಂಸ್ಥಾನವಾಗಿದ್ದ ಗುರುಗುಂಟಾವನ್ನು ನಡುವೆ ಇಟ್ಟುಕೊಂಡು ನೋಡಿದರೆ, ಇಲ್ಲಿ ವಂಶದ ನೆನಪನ್ನು ಕಾಯ್ದವರು ಹಲವರು: ಊರೂರು ತಿರುಗುವ ಹೆಳವರು, ಮುದಗಲ್ಲಿನ ಚರ್ಚು, ನಿಕಾಹ್ ಬರೆಯುತ್ತಿದ್ದ ಖಾಜಿಗಳು, ನಿಜಾಮರ ಕಂದಾಯ ಕಚೇರಿ, ಕೊನೆಗೆ ಗ್ರಾಮ ಲೆಕ್ಕಿಗರ ಜನನ-ಮರಣ ವಹಿ. ಇವುಗಳ ಭಾಷೆ ಬೇರೆ, ಲಿಪಿ ಬೇರೆ, ಕಾಲಗಣನೆಯೂ ಬೇರೆ. ಇವನ್ನು ಕನ್ನಡಕ್ಕೆ ಪ್ರತಿಲೇಖಿಸಿ ಸಂಶೋಧಕರ ಕೈಗೆ ಕೊಡುವಾಗ ಎದುರಾಗುವ ತೊಡಕುಗಳನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಮೊದಲಿಗೆ ಹೆಳವರು. ಉತ್ತರ ಕರ್ನಾಟಕದ ಒಕ್ಕಲು ಮನೆತನಗಳಿಗೆ ಇವರು ಪರಂಪರಾಗತ ವಂಶಾವಳಿಕಾರರು. ತೆಲುಗು ಸೀಮೆಯಲ್ಲಿ ಇದೇ ವೃತ್ತಿಯವರನ್ನು ಪಿಚ್ಚಿಗುಂಟ್ಲರೆನ್ನುತ್ತಾರೆ. 1909ರಲ್ಲಿ ಪ್ರಕಟವಾದ ಥರ್ಸ್ಟನ್ ಮತ್ತು ರಂಗಾಚಾರಿಯವರ ಸಂಪುಟಗಳಲ್ಲಿಯೂ ಇವರ ಉಲ್ಲೇಖವಿದೆ. ಕಾಲನ್ನು ಕಂಬಳಿಯಿಂದ ಮುಚ್ಚಿಕೊಂಡು, ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಬೆಳಗಿನ ಜಾವದಲ್ಲಿ ಒಕ್ಕಲ ಮನೆಯ ಮುಂದೆ ನಿಂತು ವಂಶವನ್ನು ಹೊಗಳುವ ಚಿತ್ರ ಹಿರಿಯರ ನೆನಪಿನಲ್ಲಿ ಇನ್ನೂ ಇದೆ. ಯಾವ ಮನೆತನ ಯಾವ ಹೆಳವನ ಹಕ್ಕಿಗೆ ಸೇರಿದ್ದೆಂಬುದು ಅವರೊಳಗೆ ನಿಗದಿಯಾಗಿರುತ್ತದೆ. ಕೆಲವು ವರ್ಷಗಳಿಗೊಮ್ಮೆ ಬಂದು, ಹಳೆಯ ಹೆಸರುಗಳನ್ನು ಓದಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳು, ಬಟ್ಟೆ, ಅನುಕೂಲವಿದ್ದಲ್ಲಿ ದನ ಅಥವಾ ಹಣವನ್ನು ಪಡೆದು ಮುಂದಿನ ಊರಿಗೆ ಹೋಗುತ್ತಾರೆ.

ಹೆಳವರ ಹೊತ್ತಗೆಯ ಸ್ವರೂಪವನ್ನು ಸರಿಯಾಗಿ ಗ್ರಹಿಸದಿದ್ದರೆ ಅದನ್ನು ತಪ್ಪಾಗಿ ಬಳಸುವ ಸಂಭವ ಹೆಚ್ಚು. ಅದು ಜನನ ದಿನಾಂಕಗಳ ಪಟ್ಟಿಯಲ್ಲ. ಮನೆತನದ ಮೂಲಸ್ಥಳ, ಬೆಡಗು, ಮನೆದೇವರು, ಅಲ್ಲಿಂದ ಇಲ್ಲಿಗೆ ಬಂದ ಕಾರಣ, ತಲೆಮಾರಿನ ಕ್ರಮ, ಅಣ್ಣತಮ್ಮಂದಿರು ಪಾಲಾದ ಬಗೆ ಇವು ಅದರ ತಿರುಳು. ಬರ, ಜಗಳ, ದಾಳಿಗಳಿಂದ ಊರು ಬಿಟ್ಟ ಸಂಗತಿ ಒಂದೇ ವಾಕ್ಯದಲ್ಲಿ ಬರುತ್ತದೆ. ಸರ್ಕಾರಿ ದಾಖಲೆಯ ಯಾವ ಅಂಕಣದಲ್ಲಿಯೂ ಅದಕ್ಕೆ ಸ್ಥಳವಿಲ್ಲ. ಆದರೆ ಅದು ಮುಖ್ಯವಾಗಿ ಗಂಡುಸಂತತಿಯ ಲೆಕ್ಕ. ಹೊರಗೆ ಕೊಟ್ಟ ಹೆಣ್ಣುಮಕ್ಕಳು ಬೇರೊಂದು ಮನೆತನದ, ಬೇರೊಬ್ಬ ಹೆಳವನ ಹೊತ್ತಗೆಯ ಅಂಚಿನಲ್ಲಿ ಸಿಕ್ಕರೆ ಸಿಕ್ಕಾರು. ವಂಶವನ್ನು ಹೊಗಳುವ ಉದ್ದೇಶವೂ ಇದಕ್ಕೆ ಇರುವುದರಿಂದ ಬಹು ಹಿಂದಿನ ತಲೆಮಾರುಗಳಲ್ಲಿ ಪುರಾಣದ ಪ್ರವೇಶ ಸಹಜ. ಹರಿದ್ವಾರದ ಪಂಡಾಗಳ ವಹಿಗಳೊಡನೆ ಇದನ್ನು ಹೋಲಿಸುವುದುಂಟು. ಅಲ್ಲಿ ಯಾತ್ರಿಕನೇ ದಾಖಲೆಯ ಬಳಿಗೆ ಹೋಗುತ್ತಾನೆ. ಇಲ್ಲಿ ದಾಖಲೆಯೇ ಎತ್ತಿನ ಮೇಲೆ ಮನೆಗೆ ಬರುತ್ತದೆ. ಹರಿದ್ವಾರದ ವಹಿಗಳನ್ನು ಅಮೆರಿಕದ ಯೂಟಾ ವಂಶಾವಳಿ ಸಂಸ್ಥೆಯವರು ಮೈಕ್ರೋಫಿಲ್ಮ್ ಮಾಡಿಕೊಂಡರು. ಹೆಳವರ ಹೊತ್ತಗೆಗಳು ಒಂದೆಡೆ ನೆಲೆನಿಂತಿಲ್ಲವಾದ್ದರಿಂದ ಅಂಥ ಕೆಲಸ ಇಲ್ಲಿ ಕಠಿಣ.

ಮುದಗಲ್ಲಿನ ಕ್ಯಾಥೊಲಿಕ್ ಸಮುದಾಯ ಇದೇ ಲಿಂಗಸುಗೂರು ತಾಲೂಕಿನದು. ಸಂತ ಫ್ರಾನ್ಸಿಸ್ ಕ್ಸೇವಿಯರರ ಅನುಯಾಯಿ ಪಾದ್ರಿಯೊಬ್ಬರಿಂದ ಅದು ಆರಂಭವಾಯಿತೆಂದು ಇಂಪೀರಿಯಲ್ ಗ್ಯಾಸೆಟಿಯರ್ ಹೇಳುತ್ತದೆ. ಜಿಲ್ಲೆಯ ಕ್ಯಾಥೊಲಿಕ್ ಚರ್ಚುಗಳು ಇಂದು 1949ರಲ್ಲಿ ಸ್ಥಾಪಿತವಾದ ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿವೆ. ಚರ್ಚಿನ ವಹಿಗಳ ಹಿಂದೆ ಒಂದು ಜಾಗತಿಕ ನಿಯಮವಿದೆ: 1563ರಲ್ಲಿ ಟ್ರೆಂಟ್ ಮಹಾಸಭೆಯು ಮದುವೆಯ ವಹಿಯನ್ನು ಕಡ್ಡಾಯಗೊಳಿಸಿತು, 1614ರ ರೋಮನ್ ವಿಧಿಗ್ರಂಥವು ದೀಕ್ಷಾಸ್ನಾನ, ದೃಢೀಕರಣ, ಮದುವೆ, ಮರಣ ಹಾಗೂ ಮನೆಮನೆಯ ಭಕ್ತರ ಸ್ಥಿತಿ ಎಂಬ ಐದು ಪುಸ್ತಕಗಳನ್ನು ಇಡುವಂತೆ ವಿಧಿಸಿತು. 1917ರ ಧರ್ಮಸಂಹಿತೆಯ ಪ್ರಕಾರ ಮದುವೆಯಾದಾಗ ಆ ಸಂಗತಿಯನ್ನು ದೀಕ್ಷಾಸ್ನಾನದ ದಾಖಲೆಯಲ್ಲಿಯೂ ನಮೂದಿಸಬೇಕು. ಹೀಗಾಗಿ ವಹಿಯ ಅಂಚನ್ನು ಬಿಟ್ಟು ನಡುವಿನ ಬರಹವನ್ನು ಮಾತ್ರ ನಕಲಿಸಿದವರು ಅರ್ಧ ಜೀವನಚರಿತ್ರೆಯನ್ನೇ ಬಿಟ್ಟಂತಾಗುತ್ತದೆ.

ಹೆಸರಿನ ಸಮಸ್ಯೆ ಇಲ್ಲಿ ವಿಶಿಷ್ಟವಾದುದು. ಕನ್ನಡ ಕ್ಯಾಥೊಲಿಕರಲ್ಲಿ ಪೇತ್ರನು ರಾಯಪ್ಪ, ಪೌಲನು ಚಿನ್ನಪ್ಪ, ಯಾಕೋಬನು ಯಾಗಪ್ಪ, ಇಗ್ನೇಷಿಯಸನು ಇನ್ನಾಸಪ್ಪ. ಊರಿನಲ್ಲಿ ರಾಯಪ್ಪನಾದವನನ್ನು ಪಾದ್ರಿಯು ಲ್ಯಾಟಿನಿನಲ್ಲಿ ಪೇತ್ರುಸ್ ಎಂದು ಬರೆದರೆ ಎರಡೂ ಒಂದೇ ವ್ಯಕ್ತಿಯೆಂದು ತಿಳಿಯಬೇಕು. ಅಷ್ಟೇ ಅಲ್ಲ, ತಂದೆಯ ಹೆಸರು ಷಷ್ಠೀ ವಿಭಕ್ತಿಯಲ್ಲಿ ಪೇತ್ರಿ ಎಂದಾಗುತ್ತದೆ. ಲ್ಯಾಟಿನ್ ವ್ಯಾಕರಣ ಬಾರದ ಪ್ರತಿಲೇಖಕನು ಪೇತ್ರಿ ಎಂಬ ಇನ್ನೊಬ್ಬನನ್ನು ಹುಟ್ಟಿಸಿ ವಂಶವೃಕ್ಷಕ್ಕೆ ಇಲ್ಲದ ಕೊಂಬೆಯೊಂದನ್ನು ಕಟ್ಟುತ್ತಾನೆ.

ನಿಜಾಮರ ಕಾಲದ ದಾಖಲೆಗಳಲ್ಲಿ ತೊಡಕು ಮತ್ತೊಂದು ಬಗೆಯದು. ಉರ್ದು ಬರಹದಲ್ಲಿ ಹ್ರಸ್ವ ಸ್ವರಗಳು ಸಾಮಾನ್ಯವಾಗಿ ಕಾಣಿಸುವುದಿಲ್ಲ. ಅವಸರದ ಶಿಕಸ್ತಾ ಕೈಬರಹದಲ್ಲಿ ಚುಕ್ಕೆಗಳೂ ಬಿಟ್ಟುಹೋಗುತ್ತವೆ. ಮೊದಲಕ್ಷರದ ಚುಕ್ಕೆ ಮೇಲಿದ್ದರೆ ನಾಗಪ್ಪ, ಕೆಳಗಿದ್ದರೆ ಬಾಗಪ್ಪ. ಚುಕ್ಕೆಯೇ ಇಲ್ಲವಾದರೆ ಆ ಊರಿನ ಹೆಸರುಗಳನ್ನು ಬಲ್ಲವನು ಮಾತ್ರ ತೀರ್ಮಾನಿಸಬಲ್ಲ. ಇದರ ಮೇಲೆ, ಸಮೀಪದ ದೇವರಭೂಪುರದ ಅಮರೇಶ್ವರನಿಂದಾಗಿ ಈ ಭಾಗದಲ್ಲಿ ಅಮರಪ್ಪ, ಅಮರೇಗೌಡ, ಅಮರಮ್ಮ ಎಂಬ ಹೆಸರುಗಳು ಮನೆಮನೆಯಲ್ಲಿ ಇವೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯೂ ಇರುವುದರಿಂದ ಅಡ್ಡಹೆಸರು, ಹೊಲದ ಸರ್ವೆ ನಂಬರುಗಳ ನೆರವಿಲ್ಲದೆ ಇಬ್ಬರು ಅಮರಪ್ಪರನ್ನು ಬೇರ್ಪಡಿಸುವುದು ಅಸಾಧ್ಯ. ಈ ದೃಷ್ಟಿಯಿಂದ ವಿರಾಸತ್ ಕಡತಗಳು, 1954-55ರ ಖಾಸ್ರಾ ಪಹಣಿ ಇವೂ ಕುಟುಂಬ ದಾಖಲೆಗಳೇ.

ಕಾಲಗಣನೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹೈದರಾಬಾದು ಸಂಸ್ಥಾನದ ಫಸಲಿ ವರ್ಷವು ಆಜರ್ ಮಾಸದಿಂದ, ಅಂದರೆ ಅಕ್ಟೋಬರಿನ ಮೊದಲ ವಾರದಿಂದ ಆರಂಭವಾಗುತ್ತಿತ್ತು. ಫಸಲಿ 1340ರ ಆಜರ್ ಎಂದರೆ 1930ರ ಅಕ್ಟೋಬರ್. ಅದೇ ಫಸಲಿಯ ಮೆಹರ್ ಎಂದರೆ 1931ರ ಆಗಸ್ಟ್. ಕಣ್ಣುಮುಚ್ಚಿ 590ನ್ನು ಕೂಡಿಸಿದರೆ ಎರಡನೆಯದರಲ್ಲಿ ಒಂದು ವರ್ಷ ತಪ್ಪುತ್ತದೆ. ತುಂಗಭದ್ರೆಯಾಚೆಯ ಬಳ್ಳಾರಿ ಸೀಮೆ ಮದರಾಸು ಆಡಳಿತದಲ್ಲಿತ್ತು. ಅಲ್ಲಿಯ ಫಸಲಿ ಜುಲೈ 1ಕ್ಕೆ ಆರಂಭ. 1930ರ ಆಗಸ್ಟಿನಲ್ಲಿ ಹೊಳೆಯ ಈಚೆ 1339, ಆಚೆ 1340. ಸಿಂಧನೂರು ಭಾಗದ ಬೀಗತನಗಳು ಹೊಳೆ ದಾಟಿ ನಡೆಯುತ್ತಿದ್ದುದರಿಂದ ಇದು ಕೇವಲ ಗಣಿತದ ಪ್ರಶ್ನೆಯಲ್ಲ. ದಾಖಲೆ ಎಲ್ಲಿದೆಯೆಂಬುದೂ ಆಡಳಿತದ ಇತಿಹಾಸವನ್ನೇ ಅವಲಂಬಿಸಿದೆ. ರಾಯಚೂರು ದೋಆಬವು 1853ರಿಂದ 1860ರವರೆಗೆ ಬ್ರಿಟಿಷರ ವಶದಲ್ಲಿತ್ತು. ಲಿಂಗಸುಗೂರು 1905ರವರೆಗೆ ಪ್ರತ್ಯೇಕ ಜಿಲ್ಲೆಯಾಗಿತ್ತು. ಅಲ್ಲಿ ಸೇನಾಠಾಣ್ಯವೂ ಇತ್ತು. ಭಾರತದಲ್ಲಿದ್ದ ಬ್ರಿಟಿಷರ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಪ್ರತಿಗಳು ಪ್ರೆಸಿಡೆನ್ಸಿಗಳ ಮೂಲಕ ಲಂಡನ್ನಿಗೆ ಹೋಗಿ ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. ಸ್ವಯಂಸೇವಕರು ಅವುಗಳನ್ನು ಪ್ರತಿಲೇಖಿಸಿ ಸೂಚಿಗಳನ್ನು ಸಿದ್ಧಪಡಿಸುತ್ತಿದ್ದಾರೆ. ಆಳಿದವರ ಕೂಸುಗಳಿಗೆ ಸೂಚಿ ಇದೆ, ಆಳಿಸಿಕೊಂಡವರ ಕೂಸುಗಳಿಗೆ ಇಲ್ಲ.

1969ರ ಜನನ-ಮರಣ ನೋಂದಣಿ ಕಾಯ್ದೆಯ ನಂತರದ ವಹಿಗಳು ಓದಲು ಸುಲಭ. ಆದರೆ ಮನೆಯಲ್ಲಿಯೇ ಹೆರಿಗೆಯಾದ ಎಷ್ಟೋ ಕೂಸುಗಳು ಅವುಗಳಲ್ಲಿ ಸೇರಿಲ್ಲ. ಶಾಲೆಯ ದಾಖಲಾತಿ ವಹಿಯಲ್ಲಿ ಗುರುಗಳು ಅಂದಾಜಿನಿಂದ ಬರೆದ ಜೂನ್ 1ನೆಯ ತಾರೀಖೇ ಅವರ ಜನ್ಮದಿನವಾಗಿದೆ. ವರ್ಷ ಮೀರಿದ ಜನನವನ್ನು ನೋಂದಾಯಿಸಲು ದಂಡಾಧಿಕಾರಿಯ ಆದೇಶ ಬೇಕು. 371(ಜೆ) ವಿಧಿಯ ಮೀಸಲಾತಿಗೆ ಸ್ಥಳೀಯತೆಯನ್ನು, ಪರಿಶಿಷ್ಟ ಪಂಗಡದ ಪ್ರಮಾಣಪತ್ರಕ್ಕೆ ಮನೆತನದ ಹಿನ್ನೆಲೆಯನ್ನು ತೋರಿಸಬೇಕಾದ ಕುಟುಂಬಗಳಿಗೆ ಅಜ್ಜನ ಹೆಸರಿನ ಒಂದಕ್ಷರ ವ್ಯತ್ಯಾಸವೂ ದುಬಾರಿಯಾದುದು. ಆದುದರಿಂದ ಪ್ರತಿಲೇಖಕನು ಮೂಲದ ಹೆಸರನ್ನು ಎಂದೂ ತಿದ್ದಬಾರದು. ಮೂಲದಲ್ಲಿದ್ದಂತೆ ಒಂದು ಅಂಕಣ, ತನ್ನ ಓದು ಇನ್ನೊಂದು ಅಂಕಣ, ಸಂಶಯವಿದ್ದಲ್ಲಿ ಚಿಹ್ನೆ, ಪುಟ ಮತ್ತು ಸಾಲಿನ ಸಂಖ್ಯೆ ಇಷ್ಟಿದ್ದರೆ ಮುಂದಿನ ಓದುಗ ಮೂಲಕ್ಕೆ ಮರಳಿ ಹೋಗಬಲ್ಲ.

ಖಾಲಿ ಬಿಟ್ಟ ಅಂಕಣಗಳ ಮಾತು ಇದಕ್ಕಿಂತ ಸೂಕ್ಷ್ಮ. ದೇವರಿಗೆ ಬಿಟ್ಟ ಬಸವಿಯರ ಮಕ್ಕಳು ತಾಯಿಯ ಮನೆತನದಲ್ಲಿಯೇ ಬೆಳೆದವರು. ಈ ಪದ್ಧತಿಯನ್ನು ನಿಷೇಧಿಸುವ ಕರ್ನಾಟಕದ ಕಾಯ್ದೆ 1982ರಲ್ಲಿ ಬಂದಿತು. ಆದರೆ ತಂದೆಯ ಹೆಸರಿಲ್ಲದ ಹಳೆಯ ದಾಖಲೆಗಳು ಉಳಿದಿವೆ. ಊರಿನವರ ಮಾತು ಕೇಳಿ ಅಲ್ಲಿ ಹೆಸರು ತುಂಬುವುದು ಸಂಶೋಧನೆಯಲ್ಲ, ಚಾಡಿ. ಉಡಿಕಿಯಾದವರ ಹಿಂದಿನ ಮದುವೆಯ ವಿವರಗಳಿಗೂ ಇದು ಅನ್ವಯಿಸುತ್ತದೆ. ಬದುಕಿರುವವರ ದಾಖಲೆಗಳನ್ನು ಸಾರ್ವಜನಿಕ ಸೂಚಿಯಿಂದ ಹೊರಗಿಡುವುದು ಈ ಲೇಖಕನ ದೃಷ್ಟಿಯಲ್ಲಿ ಅನಿವಾರ್ಯ ಕ್ರಮ.

ಹೆಳವರ ಹೊತ್ತಗೆಗಳನ್ನು ಗಣಕೀಕರಿಸಬೇಕೆಂಬ ಬೇಡಿಕೆಯನ್ನೂ ಇದೇ ನಿಲುವಿನಿಂದ ಪರಿಶೀಲಿಸಬೇಕು. ಹೊತ್ತಗೆಯು ಅವರ ಜೀವನೋಪಾಯ. ಅದರ ಪ್ರತಿ ಗ್ರಂಥಾಲಯದಲ್ಲಿ ಉಚಿತವಾಗಿ ಸಿಕ್ಕರೆ ಒಕ್ಕಲ ಮನೆಯವರು ಹೆಳವನಿಗೆ ಕಾಳು ಕೊಡುವ ಕಾರಣವೇ ಇಲ್ಲವಾಗುತ್ತದೆ. ಇತ್ತ ಅವರ ಮಕ್ಕಳು ಬೇರೆ ಉದ್ಯೋಗ ಹಿಡಿದಂತೆ ಗೆದ್ದಲು, ಮಳೆಗಳಿಗೆ ಹೊತ್ತಗೆಗಳು ನಷ್ಟವಾಗುತ್ತಿರುವುದೂ ನಿಜ. ಹೊತ್ತಗೆಯ ಒಡೆತನ ಹೆಳವನಲ್ಲಿಯೇ ಉಳಿದು, ಓದುವ ಕೆಲಸಕ್ಕೆ ಅವನನ್ನೇ ಸಂಭಾವನೆ ಕೊಟ್ಟು ನಿಯೋಜಿಸಿ, ಅವನ ಬಾಯಿಮಾತಿನ ಧ್ವನಿಮುದ್ರಣವನ್ನೂ ಪ್ರತಿಯೊಂದಿಗೆ ಇಡುವುದು ಉಚಿತ. ಏಕೆಂದರೆ ಹೊತ್ತಗೆಯಲ್ಲಿ ಒಂದೇ ಹೆಸರಾಗಿ ನಿಂತದ್ದು ಅವನ ಬಾಯಲ್ಲಿ ಇಡೀ ಕಥೆಯಾಗಿ ಬರುತ್ತದೆ.