ಬಾಗಿಲ ಕಣ್ಣು: ಮಿತವ್ಯಯದ ವೀಡಿಯೋ ಕರೆಗಂಟೆಯನ್ನು ಆರಿಸುವ ಬಗೆ

೧೯೯೦ರ ದಶಕದಲ್ಲಿ ಕರ್ನಾಟಕದ ಹಲವು ಊರುಗಳ ಮನೆಬಾಗಿಲುಗಳ ಮೇಲೆ “ನಾಳೆ ಬಾ” ಎಂಬ ಎರಡು ಪದಗಳು ಕಾಣಿಸಿಕೊಂಡವು. ರಾತ್ರಿಯ ವೇಳೆ ದೆವ್ವವೊಂದು ಪರಿಚಿತರ ದನಿಯಲ್ಲಿ ಕರೆಯುತ್ತದೆಂದೂ, ಈ ಬರಹವನ್ನು ಕಂಡು ಹಿಂದಿರುಗುತ್ತದೆಂದೂ ಜನರು ಹೇಳುತ್ತಿದ್ದರು. ದೆವ್ವದ ಮಾತು ಹಾಗಿರಲಿ. ಆ ಭಯದ ಬುಡದಲ್ಲಿದ್ದ ಪ್ರಶ್ನೆ ಮಾತ್ರ ನಿಜವಾದುದೇ: ಬಾಗಿಲನ್ನು ತೆರೆಯುವ ಮೊದಲು, ಹೊರಗೆ ನಿಂತವರು ಯಾರೆಂದು ತಿಳಿಯುವುದು ಹೇಗೆ?

ಈ ಪ್ರಶ್ನೆಗೆ ವಿದ್ಯುತ್ತಿನ ನೆರವಿನಿಂದ ಉತ್ತರ ಹುಡುಕಿದ ಮೊದಲಿಗರಲ್ಲಿ ನ್ಯೂಯಾರ್ಕ್ ನಗರದ ದಾದಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಒಬ್ಬರು. ಮನೆಯಲ್ಲಿ ಒಂಟಿಯಾಗಿರಬೇಕಾದ ಹೊತ್ತಿನಲ್ಲಿ ತಮ್ಮ ರಕ್ಷಣೆಗೆಂದು, ಪತಿ ಆಲ್ಬರ್ಟರೊಡನೆ ಅವರು ರೂಪಿಸಿದ ಯಂತ್ರಕ್ಕೆ ೧೯೬೬ರಲ್ಲಿ ಪೇಟೆಂಟ್ ಕೋರಿದರು. ೧೯೬೯ರ ಡಿಸೆಂಬರಿನಲ್ಲಿ ಅದು ದೊರೆಯಿತು. ಬಾಗಿಲಿನ ಕಿಂಡಿಗಳ ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮರಾ, ಒಳಗೊಂದು ಟೆಲಿವಿಷನ್ ಪರದೆ, ಮಾತನಾಡಲು ಧ್ವನಿವಾಹಕ, ಕುಳಿತಲ್ಲಿಂದಲೇ ಅಗಳಿ ತೆಗೆಯುವ ಗುಂಡಿ, ಇವೆಲ್ಲ ಅದರಲ್ಲಿದ್ದುವು. ಅಂದು ಗೋಡೆಯಷ್ಟು ಜಾಗ ಬೇಡಿದ ಏರ್ಪಾಡು ಇಂದು ಅಂಗೈಯಗಲಕ್ಕೆ ಇಳಿದಿದೆ. ಬೆಲೆಯೂ ಕೆಲವು ಸಾವಿರ ರೂಪಾಯಿಗಳಿಗೆ ಇಳಿದಿದೆ.

ಹಳಿಯಾಳ ತಾಲ್ಲೂಕಿನ ತೇರಗಾಂವದಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮಕ್ಕಳು ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ದುಡಿಯುತ್ತಾರೆ, ಮನೆಯಲ್ಲಿ ವೃದ್ಧರಿಬ್ಬರೇ. ಈ ಮನೆಗೆ ಎಂಥ ಗಂಟೆ ಬೇಕು?

ಗುಂಡಿ ಒತ್ತಿದೊಡನೆ ಚಿತ್ರವು ಗಂಟೆಯಿಂದ ವೈಫೈ ರೂಟರಿಗೂ, ಅಲ್ಲಿಂದ ಅಂತರಜಾಲದ ಮೂಲಕ ತಯಾರಕರ ಗಣಕಕ್ಕೂ, ಕೊನೆಗೆ ಮಕ್ಕಳ ಫೋನಿಗೂ ತಲಪುತ್ತದೆ. ಇದೊಂದು ಸರಪಳಿ. ಸರಪಳಿಯ ಬಲವೆಂದರೆ ಅದರ ಅತಿ ದುರ್ಬಲವಾದ ಕೊಂಡಿಯ ಬಲವಷ್ಟೇ. ಅಂಗಡಿಯವನು ಹೊಗಳುವುದು ಮೊದಲನೆಯ ಕೊಂಡಿಯನ್ನು, ಅಂದರೆ ಕ್ಯಾಮರಾವನ್ನು. ನಾವು ಪರೀಕ್ಷಿಸಬೇಕಾದುದು ಎಲ್ಲವನ್ನೂ.

ಕ್ಯಾಮರಾದ ಲೆಕ್ಕ ಸುಲಭವಾದುದು. ಸಾಮಾನ್ಯ ಚಿತ್ರದ ಅಗಲದಲ್ಲಿ ೧೯೨೦ ಪಿಕ್ಸೆಲುಗಳು, ಎಂದರೆ ಚಿತ್ರಬಿಂದುಗಳು, ಇರುತ್ತವೆ. ಮಸೂರವು ೧೨೦ ಡಿಗ್ರಿಯ ನೋಟವನ್ನು ಒಳಗೊಂಡರೆ, ಸರಾಸರಿ ಡಿಗ್ರಿಗೆ ೧೬ ಬಿಂದುಗಳಾದುವು. ಎರಡು ಮೀಟರ್ ದೂರದಲ್ಲಿ ನಿಂತವರ ಮುಖ ಸುಮಾರು ನಾಲ್ಕೂವರೆ ಡಿಗ್ರಿಯಷ್ಟು ಅಗಲವಾಗಿ ಕಾಣುವುದರಿಂದ, ಅದಕ್ಕೆ ೭೦ಕ್ಕಿಂತ ಹೆಚ್ಚು ಬಿಂದುಗಳು ದೊರೆಯುತ್ತವೆ. ನೋಟವನ್ನು ೧೬೦ ಡಿಗ್ರಿಗೆ ಹಿಗ್ಗಿಸಿದರೆ ಅದೇ ಮುಖಕ್ಕೆ ಉಳಿಯುವುದು ೫೫ ಮಾತ್ರ. ಅಗಲವಾದ ನೋಟವೇ ಉತ್ತಮವೆಂಬ ಮಾತನ್ನು ಹಾಗೆಯೇ ನಂಬಲಾಗದು. ಅಲ್ಲದೆ, ನೆರಳಿನ ಜಗಲಿಯಿಂದ ಬಿಸಿಲಿನ ಅಂಗಳವನ್ನು ನೋಡುವ ಕ್ಯಾಮರಾದಲ್ಲಿ ಬಂದವರ ಮುಖ ಕಪ್ಪಾಗುತ್ತದೆ. ಬೆಳಕು ನೆರಳುಗಳೆರಡನ್ನೂ ಸರಿದೂಗಿಸುವ ಎಚ್‌ಡಿಆರ್ ಎಂಬ ಸೌಕರ್ಯವು ಇಂಥ ಮನೆಗೆ ಹೆಚ್ಚಿನ ಪಿಕ್ಸೆಲುಗಳಿಗಿಂತ ಉಪಯುಕ್ತ.

ಬ್ಯಾಟರಿಯ ಗಂಟೆಗಳು ಸದಾ ಎಚ್ಚರವಾಗಿರುವುದಿಲ್ಲ. ಯಾರಾದರೂ ಹತ್ತಿರ ಬಂದಾಗ ಅವರ ದೇಹದ ಶಾಖವೇ ಅವನ್ನು ಎಬ್ಬಿಸುತ್ತದೆ. ನಮ್ಮ ಮೈಯಿಂದ ಹೊರಡುವ ಅವಕೆಂಪು ಕಿರಣಗಳು ಸುಮಾರು ೯ ಮೈಕ್ರೊಮೀಟರ್ ತರಂಗಾಂತರದಲ್ಲಿ ಅತಿ ಪ್ರಬಲವಾಗಿರುತ್ತವೆ. ಗಂಟೆಯೊಳಗಿನ ಸ್ಫಟಿಕವೊಂದು ಅವುಗಳ ಏರಿಳಿತವನ್ನು ಗ್ರಹಿಸುತ್ತದೆ. ಬೇಸಿಗೆಯ ನಡುಹಗಲಲ್ಲಿ ಸುತ್ತಣ ವಸ್ತುಗಳೂ ಮೈಯಷ್ಟೇ ಬಿಸಿಯಾದಾಗ ಈ ಗ್ರಹಣಶಕ್ತಿ ಕುಂದುತ್ತದೆ. ಇದು ಆ ಗಂಟೆಯ ದೋಷವಲ್ಲ, ಭೌತಶಾಸ್ತ್ರದ ನಿಯಮ.

ಇನ್ನು ಎರಡನೆಯ ಕೊಂಡಿ. ವಿದ್ಯುತ್ ಹೋದಾಗ ಬ್ಯಾಟರಿಯ ಗಂಟೆ ಜೀವಂತವಾಗಿದ್ದರೂ ರೂಟರು ಆರಿಹೋಗುತ್ತದೆ. ಚಿತ್ರ ಹೊರಗೆ ಹೋಗದು. ಆದುದರಿಂದ ಗಂಟೆಯ ಖರ್ಚಿನೊಡನೆ ರೂಟರಿಗೊಂದು ಚಿಕ್ಕ ಯುಪಿಎಸ್ ಖರ್ಚನ್ನೂ ಕೂಡಿಸಿಯೇ ಲೆಕ್ಕ ಹಾಕತಕ್ಕದ್ದು. ದಪ್ಪ ಕಲ್ಲುಗೋಡೆಗಳು ವೈಫೈ ತರಂಗಗಳನ್ನು ಹೀರುತ್ತವೆ. ೫ ಗಿಗಾಹರ್ಟ್ಸಿನ ತರಂಗಗಳಿಗಿಂತ ೨.೪ ಗಿಗಾಹರ್ಟ್ಸಿನವು ಗೋಡೆಯನ್ನು ಚೆನ್ನಾಗಿ ದಾಟುತ್ತವೆ. ಕೊಳ್ಳುವ ಮೊದಲೇ ಒಂದು ಪ್ರಯೋಗ ಮಾಡಬಹುದು: ಬಾಗಿಲು ಮುಚ್ಚಿ, ಗಂಟೆಯನ್ನು ಕೂರಿಸಲಿರುವ ಜಾಗದಲ್ಲಿ ಫೋನು ಹಿಡಿದು, ಮನೆಯ ವೈಫೈ ಮೂಲಕ ವೀಡಿಯೋ ಕರೆ ಮಾಡಿ ನೋಡುವುದು. ಅದು ತಡವರಿಸಿದರೆ ಗಂಟೆಯೂ ತಡವರಿಸುತ್ತದೆ. ಅಂತರಜಾಲ ಕಡಿದಾಗಲೂ ಮನೆಯೊಳಗೆ ಸದ್ದು ಮಾಡುವ ಪ್ರತ್ಯೇಕ ಗಂಟೆಯ ಪೆಟ್ಟಿಗೆ ಇರಲೇಬೇಕು. ವೃದ್ಧರು ಸದಾ ಫೋನು ಹಿಡಿದು ಕೂರುವುದಿಲ್ಲವಷ್ಟೆ.

ಮಳೆಯನ್ನು ತಡೆಯುವ ಶಕ್ತಿಯನ್ನು ಪೆಟ್ಟಿಗೆಯ ಮೇಲಿನ ‘ಐಪಿ’ ಅಂಕಿಗಳು ತಿಳಿಸುತ್ತವೆ. ಮೊದಲನೆಯ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ೫೪ ಎಂದಿದ್ದರೆ ಎರಚಿದ ನೀರನ್ನು ತಡೆಯುತ್ತದೆ. ೬೫ ಎಂದಿದ್ದರೆ ಧೂಳು ಪೂರ್ತಿ ಹೊರಗುಳಿಯುತ್ತದೆ, ಕೊಳವೆಯಿಂದ ಚಿಮ್ಮಿದ ನೀರನ್ನೂ ತಾಳುತ್ತದೆ. ಸೂರಿನಡಿ ಮೊದಲನೆಯದು ಸಾಕು. ಇರಚಲು ಬಡಿಯುವ ಗೋಡೆಗೆ ಎರಡನೆಯದು ಲೇಸು.

ಚಿತ್ರಗಳನ್ನು ಎಲ್ಲಿಡಬೇಕು? ತಯಾರಕರ ಗಣಕದಲ್ಲಿಡುವುದಾದರೆ ಅನೇಕ ಮಾದರಿಗಳಿಗೆ ತಿಂಗಳು ತಿಂಗಳೂ ಹಣ ತೆರಬೇಕು. ಸೆಕೆಂಡಿಗೆ ೨ ಮೆಗಾಬಿಟ್ ಬಳಸುವ ೨೦ ಸೆಕೆಂಡುಗಳ ತುಣುಕು ೫ ಮೆಗಾಬೈಟ್ ಆಗುತ್ತದೆ. ದಿನಕ್ಕೆ ೨೦ ತುಣುಕುಗಳಾದರೂ ೩೨ ಗಿಗಾಬೈಟಿನ ಚಿಕ್ಕ ಕಾರ್ಡು ಸುಮಾರು ಹತ್ತು ತಿಂಗಳಿಗೆ ಸಾಕು. ಕಾರ್ಡು ಹೊರಗಿನ ಗಂಟೆಯಲ್ಲಿದ್ದರೆ ಕಳ್ಳನು ಅದನ್ನೇ ಕಿತ್ತುಕೊಂಡು ಹೋಗಬಹುದು. ಆದುದರಿಂದ ಅದು ಒಳಗಿನ ಪೆಟ್ಟಿಗೆಯಲ್ಲಿರುವ ಮಾದರಿ ಮೇಲು.

ಅಗ್ಗದ ಗಂಟೆಯ ನಿಜವಾದ ಅಪಾಯ ಇನ್ನೊಂದುಂಟು. ೨೦೨೪ರ ಫೆಬ್ರವರಿಯಲ್ಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆಯು, ಈಕೆನ್ ಎಂಬ ಚೀನೀ ಕಂಪನಿ ತಯಾರಿಸಿ ಹಲವು ಹೆಸರುಗಳಲ್ಲಿ ಮಾರಾಟವಾಗುತ್ತಿದ್ದ ಗಂಟೆಗಳನ್ನು ಪರೀಕ್ಷಿಸಿತು. ಹೊರಗೆ ನಿಂತ ಯಾರಾದರೂ ಗುಂಡಿಯನ್ನು ಎಂಟು ಸೆಕೆಂಡು ಒತ್ತಿ ಹಿಡಿದು ಗಂಟೆಯನ್ನು ತಮ್ಮ ಫೋನಿಗೆ ಜೋಡಿಸಿಕೊಳ್ಳಲು ಸಾಧ್ಯವಿತ್ತು! ಮನೆಯನ್ನು ಕಾಯಬೇಕಾದ ಕಣ್ಣು ಕಳ್ಳನ ಕಣ್ಣಾಗುತ್ತಿತ್ತು. ಕಂಪನಿಯು ಅನಂತರ ತಂತ್ರಾಂಶವನ್ನು ತಿದ್ದಿತು. ಇದರಿಂದ ನಾವು ಕಲಿಯಬೇಕಾದುದೇನು? ತಂತ್ರಾಂಶವನ್ನು ಕಾಲಕಾಲಕ್ಕೆ ತಿದ್ದಿ ಕಳುಹಿಸುವ ತಯಾರಕನನ್ನೇ ಆರಿಸಬೇಕು. ಬೇರೆಲ್ಲಿಯೂ ಬಳಸದ ಗುಪ್ತಪದವನ್ನಿಡಬೇಕು. ಪ್ರವೇಶಕ್ಕೆ ಎರಡು ಹಂತದ ಪರೀಕ್ಷೆಯಿದ್ದರೆ ಅದನ್ನು ಬಳಸಬೇಕು.

ಕಡೆಯದಾಗಿ, ನೆರೆಮನೆಯವರ ಮಾತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ೨೦೧೭ರ ಆಗಸ್ಟ್ ೨೪ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ನಮ್ಮ ಬಾಗಿಲ ಕಣ್ಣು ಎದುರುಮನೆಯ ಅಂಗಳವನ್ನು ಹಗಲಿರುಳೂ ನೋಡುತ್ತಿರುವುದು ಆ ತತ್ತ್ವಕ್ಕೆ ಒಪ್ಪುವುದಿಲ್ಲ. ಗಂಟೆಯನ್ನು ತುಸು ಓರೆಯಾಗಿ ಕೂರಿಸಿ, ನೋಟವನ್ನು ನಮ್ಮ ಜಗಲಿಗೆ ಮಿತಗೊಳಿಸುವುದು ಸೌಜನ್ಯ.

ಹೀಗೆ ನೋಡಿದರೆ, ಒಳ್ಳೆಯ ಗಂಟೆಯೆಂದರೆ ಅತಿ ಹೆಚ್ಚು ಪಿಕ್ಸೆಲುಗಳದ್ದಲ್ಲ. ವಿದ್ಯುತ್ತಿಲ್ಲದ ಮಳೆಯ ರಾತ್ರಿಯಲ್ಲೂ ಸದ್ದು ಮಾಡಿ, ತಾನು ಕಂಡುದನ್ನು ಮನೆಯವರಿಗಲ್ಲದೆ ಬೇರಾರಿಗೂ ಹೇಳದಿರುವಂಥದು. ಅಂಥದು ಸಿಗುವವರೆಗೆ ಮಾರುವವನಿಗೂ “ನಾಳೆ ಬಾ” ಎನ್ನುವುದರಲ್ಲಿ ತಪ್ಪೇನೂ ಇಲ್ಲ.