ಹಲಗೆಯ ಮೇಲೊಂದು ಕಾಡು

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಜಿಂಕೆ ಬೇಟೆಯ ಕ್ಲಬ್ಬುಗಳಿಗೆ ಬಂದೂಕಿನಷ್ಟೇ ಮುಖ್ಯವಾದದ್ದು ಒಂದು ಹಲಗೆ. ಕ್ಯಾಂಪಿನ ಗೋಡೆಗೋ ಗೇಟಿನ ಬಳಿಯ ಕಂಬಕ್ಕೋ ಹೊಡೆದ ಆ ಹಲಗೆಯ ಮೇಲೆ ಕ್ಲಬ್ಬಿನ ಜಮೀನಿನ ನಕ್ಷೆ ಇರುತ್ತದೆ. ನಸುಕಿನಲ್ಲಿ ಬಂದ ಸದಸ್ಯ ತನ್ನ ಹೆಸರಿನ ಬಿಲ್ಲೆಯನ್ನು ತಾನು ಕೂರುವ ಜಾಗಕ್ಕೆ ಸಿಕ್ಕಿಸಿ ಹೋಗುತ್ತಾನೆ. ಅವನು ಬಂದು ಅದನ್ನು ತೆಗೆಯುವ ತನಕ ಆ ತುಂಡು ಕಾಡಿಗೆ ಬೇರೆಯವರು ಕಾಲಿಡುವಂತಿಲ್ಲ. ತಪ್ಪಿದ ಗುಂಡು ಬಹಳ ದೂರ ಹೋಗುತ್ತದೆ, ಹಾಗಾಗಿ ಇದು ಮೊದಲಿಗೆ ಪ್ರಾಣದ ಪ್ರಶ್ನೆ. ಕತ್ತಲಾದ ಮೇಲೂ ಬಿಲ್ಲೆ ಅಲ್ಲೇ ಇದ್ದರೆ ಎಲ್ಲಿ ಹುಡುಕಬೇಕೆಂದೂ ತಿಳಿಯುತ್ತದೆ. ಜಗಳ ಹುಟ್ಟುವುದೂ ಇದೇ ಹಲಗೆಯ ಮುಂದೆ: ಒಳ್ಳೆಯ ಜಾಗವನ್ನು ದಿನಾ ಒಬ್ಬನೇ ಹಿಡಿದರೆ ಉಳಿದವರು ಸುಮ್ಮನಿರುತ್ತಾರೆಯೇ?

ಬೇಲಿಯಿಲ್ಲದ ಕಾಡಿನಲ್ಲಿ ಇಂಥ ಹಲಗೆ ಬೇಕಿರಲಿಲ್ಲ. 19ನೇ ಶತಮಾನದ ನಡುವಿನವರೆಗೂ ದಕ್ಷಿಣದಲ್ಲಿ ಉಳದೆ ಬಿಟ್ಟ ನೆಲ, ಅದು ಯಾರ ಹೆಸರಿನಲ್ಲೇ ಇರಲಿ, ಊರಿನವರ ಹಂದಿ ಮೇಯುವ, ಬಡವರು ಬೇಟೆಯಾಡುವ ಜಾಗ. ಬೇಲಿ ಹಾಕಬೇಕಾದದ್ದು ಬೆಳೆಗೆ, ದನಕ್ಕಲ್ಲ. ಅಂತರ್ಯುದ್ಧ ಮುಗಿದು ಗುಲಾಮರು ಬಿಡುಗಡೆಯಾದ ಮೇಲೆ ಲೆಕ್ಕಾಚಾರ ಬದಲಾಯಿತು. ಕಾಡಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳಬಲ್ಲವನು ಹತ್ತಿ ಹೊಲಕ್ಕೆ ಕೂಲಿಗೆ ಏಕೆ ಬಂದಾನು? ಬೇಲಿ ಕಾನೂನು, ಅತಿಕ್ರಮಣ ಕಾನೂನುಗಳು ಒಂದೊಂದಾಗಿ ಬಂದವು. ಜಿಂಕೆಯ ಸಂತತಿ ಉಳಿಸಲು ಈ ಬೇಲಿಗಳು ಬಂದವೆಂದು ಯಾರಾದರೂ ಹೇಳಿದರೆ ನಂಬುವುದು ಕಷ್ಟ.

ಅಷ್ಟರಲ್ಲಿ ಜಿಂಕೆಯೇ ಮುಗಿಯುತ್ತ ಬಂದಿತ್ತು. ಮಾಂಸ, ಚರ್ಮದ ವ್ಯಾಪಾರಕ್ಕೆ ಬಲಿಯಾಗಿ 1900ರ ಹೊತ್ತಿಗೆ ದೇಶದಲ್ಲಿ ಬಿಳಿಬಾಲದ ಜಿಂಕೆ ಕೆಲವು ಲಕ್ಷಕ್ಕೆ ಇಳಿದಿತ್ತು. ಮಿಸಿಸಿಪ್ಪಿಯಲ್ಲಿ ಫ್ಯಾನಿ ಕುಕ್ ಎಂಬ ಮಹಿಳೆ ವರ್ಷಗಟ್ಟಲೆ ಊರೂರು ಸುತ್ತಿ ಒತ್ತಾಯಿಸಿದ ಫಲವಾಗಿ 1932ರಲ್ಲಿ ವನ್ಯಜೀವಿ ಆಯೋಗ ಹುಟ್ಟಿತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಿಂದ ಬಂದೂಕು, ಮದ್ದುಗುಂಡಿನ ತೆರಿಗೆ ವನ್ಯಜೀವಿ ರಕ್ಷಣೆಗೆ ಸಿಗತೊಡಗಿತು. ಬೇರೆ ಕಡೆ ಹಿಡಿದ ಜಿಂಕೆಗಳನ್ನು ಲಾರಿಯಲ್ಲಿ ತಂದು ಬಿಟ್ಟರು. ಮರಿಗಳ ಹೊಕ್ಕುಳ ಗಾಯದಲ್ಲಿ ಮೊಟ್ಟೆಯಿಟ್ಟು ಅವುಗಳನ್ನು ಕೊಲ್ಲುತ್ತಿದ್ದ ಸ್ಕ್ರೂವರ್ಮ್ ನೊಣ 1950ರ ದಶಕದ ಕೊನೆಗೆ ಆಗ್ನೇಯ ರಾಜ್ಯಗಳಿಂದ ನಿರ್ಮೂಲವಾದದ್ದು ದೊಡ್ಡ ತಿರುವು. ಈಗ ದೇಶದಲ್ಲಿ ಸುಮಾರು ಮೂರು ಕೋಟಿ ಬಿಳಿಬಾಲದ ಜಿಂಕೆಗಳಿವೆ.

ಅವು ಮರಳಿ ಬಂದದ್ದು ಕಾಗದದ ಕಂಪನಿಗಳ ಕಾಡಿಗೆ. ದಕ್ಷಿಣದ ಪೈನ್ ಮರದಿಂದಲೂ ಪತ್ರಿಕೆಯ ಕಾಗದ ಮಾಡಬಹುದೆಂದು ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಹರ್ಟಿ 1930ರ ದಶಕದಲ್ಲಿ ಸವಾನಾದಲ್ಲಿ ತೋರಿಸಿಕೊಟ್ಟ. ಗಿರಣಿಗಳು ಎದ್ದವು, ಸವೆದ ಹತ್ತಿ ಹೊಲಗಳು ಪೈನ್ ತೋಟಗಳಾದವು. ಮರ ಕಡಿದ ಜಾಗದಲ್ಲಿ ಚಿಗುರುವ ಎಳೆ ಗಿಡಗಳು ಜಿಂಕೆಗೆ ಹಬ್ಬದೂಟ. ಆದರೆ ಜಿಂಕೆಯನ್ನು ಕಂಪನಿ ಮಾರುವಂತಿಲ್ಲ. ಕಾಡುಪ್ರಾಣಿ ಜನರೆಲ್ಲರ ಪರವಾಗಿ ರಾಜ್ಯದ ಸುಪರ್ದಿಯಲ್ಲಿದೆ ಎಂಬುದು ಅಲ್ಲಿನ ಕಾನೂನಿನ ತಳಹದಿ. ಮಾರಬಹುದಾದದ್ದು ಒಳಗೆ ಬರುವ ಹಕ್ಕನ್ನು ಮಾತ್ರ. ಮೊದಮೊದಲು ಕಂಪನಿಗಳು ಹೆಸರಿಗಷ್ಟು ಹಣ ಪಡೆದು, ಕೆಲವೊಮ್ಮೆ ಅದೂ ಇಲ್ಲದೆ, ಊರಿನವರಿಗೆ ಬೇಟೆಗೆ ಬಿಟ್ಟವು. ಸಿಟ್ಟಾದ ಊರು ಒಂದು ಬೆಂಕಿಕಡ್ಡಿಯಲ್ಲಿ ಸಾವಿರ ಎಕರೆ ಸುಡಬಲ್ಲದು ಎಂಬುದು ಅವಕ್ಕೆ ಗೊತ್ತಿತ್ತು. ಕ್ಲಬ್ಬು ಇದ್ದರೆ ಕಾವಲೂ ಇದ್ದಂತೆ.

ಆಗಿನ ಕ್ಲಬ್ಬು ನಾಯಿಗಳ ಕ್ಲಬ್ಬು. ನಾಯಿಗಳು ಜಿಂಕೆ ಎಬ್ಬಿಸಬೇಕು, ಸಾಲಾಗಿ ನಿಂತವರು ಹೊಡೆಯಬೇಕು, ಮಾಂಸ ಪಾಲಾಗುತ್ತಿತ್ತು. ಅಲ್ಲಿ ಕಾಡನ್ನು ತುಂಡು ಮಾಡುವ ಅಗತ್ಯವೇ ಇಲ್ಲ. ನಾಯಿಗೆ ಗಡಿಯ ಫಲಕ ಓದಲು ಬರುವುದಿಲ್ಲವಾದ್ದರಿಂದ, ಜಮೀನುಗಳು ಚಿಕ್ಕದಾದಂತೆ ಪಕ್ಕದವರೊಂದಿಗೆ ತಕರಾರು ಹೆಚ್ಚಿತು. ಮರದ ಮೇಲಿನ ಅಟ್ಟಣೆಯಲ್ಲಿ ಒಬ್ಬನೇ ಸದ್ದಿಲ್ಲದೆ ಕೂರುವ ಪದ್ಧತಿ ಬಂತು. ಹಲಗೆಗೆ ಮಹತ್ವ ಬಂದದ್ದು ಆಗ. ಒಟ್ಟಿಗೆ ಬೇಟೆಯಾಡುತ್ತಿದ್ದವರು ಒಬ್ಬರಿಗೊಬ್ಬರು ಅಡ್ಡ ಬಾರದಂತೆ ಬೇಟೆಯಾಡಲು ಕಲಿತರು. ಇದರಲ್ಲಿ ಏನೋ ಕಳೆದುಹೋಯಿತು ಎಂದೇ ನನಗೆ ತೋರುತ್ತದೆ.

ಹಂಚಿಕೆಯ ಇನ್ನೊಂದು ಕಷ್ಟವನ್ನು ತಂದದ್ದು ದೊಡ್ಡ ಕೊಂಬಿನ ಆಸೆ. 1975ರಲ್ಲಿ ಟೆಕ್ಸಾಸ್‌ನ ಅಲ್ ಬ್ರದರ್ಸ್ ಮತ್ತು ಮರ್ಫಿ ರೇ ಬರೆದ ಪುಸ್ತಕ, ಎಳೆಯ ಗಂಡುಗಳನ್ನು ಬಿಟ್ಟು ಹೆಣ್ಣುಗಳನ್ನು ಸಾಕಷ್ಟು ಹೊಡೆಯುವ ವಿಚಾರವನ್ನು ಹಬ್ಬಿಸಿತು. 1988ರಲ್ಲಿ ಸೌತ್ ಕ್ಯಾರೊಲೈನಾದಲ್ಲಿ ಅದಕ್ಕೊಂದು ಸಂಘವೇ ಹುಟ್ಟಿತು. ಸರಿಯೇ, ಆದರೆ ನಾನು ಬಿಟ್ಟ ಗಂಡನ್ನು ಪಕ್ಕದ ಅಟ್ಟಣೆಯವನು ಹೊಡೆದರೆ? ನಿಯಮಾವಳಿ ಉದ್ದವಾಯಿತು, ದಂಡ ಸೇರಿತು. ಮೇವಿಗೆಂದು ಓಟ್ಸ್, ಕ್ಲೋವರ್ ಬಿತ್ತುವ ದಿನ ಮೈಬಗ್ಗಿಸದವನಿಗೆ ನವೆಂಬರಿನಲ್ಲಿ ಜಾಗ ಕೊಡಬೇಕೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಈಗ ಆ ಕಾಡಿನ ಒಡೆಯರೂ ಹಳೆಯ ಕಾಗದದ ಕಂಪನಿಗಳಲ್ಲ. 2006ರಲ್ಲಿ ಇಂಟರ್‌ನ್ಯಾಷನಲ್ ಪೇಪರ್ 50 ಲಕ್ಷ ಎಕರೆಗೂ ಹೆಚ್ಚು ಕಾಡು ಮಾರಿತು. ಕೊಂಡವರಲ್ಲಿ ಪಿಂಚಣಿ ನಿಧಿಗಳಂಥವರ ಹಣ ತೊಡಗಿಸುವ ಸಂಸ್ಥೆಗಳಿದ್ದವು. ಅವರಿಗೆ ಬೇಟೆಯ ಗುತ್ತಿಗೆ ಎಕರೆ ಲೆಕ್ಕದ ಆದಾಯ. ದರ ಏರಿದಾಗ ಊರಿನ ಗಿರಣಿ ಕೆಲಸಗಾರ ಹಿಂದೆ ಸರಿಯುತ್ತಾನೆ, ಅವನ ಬಿಲ್ಲೆಯ ಜಾಗಕ್ಕೆ ಅಟ್ಲಾಂಟಾದ ವಕೀಲ ಬರುತ್ತಾನೆ. ಗುತ್ತಿಗೆ ಹೆಚ್ಚಾಗಿ ವರ್ಷದ ಲೆಕ್ಕದ್ದು. ಜಮೀನು ಮಾರಾಟವಾದರೆ ಇಪ್ಪತ್ತು ವರ್ಷ ದುಡಿದು ಮಾಡಿದ ದಾರಿ, ಮೇವಿನ ಹೊಲಗಳನ್ನೆಲ್ಲ ಬಿಟ್ಟು, ಕ್ಲಬ್ಬು ಅಟ್ಟಣೆಗಳನ್ನು ಇಳಿಸಿಕೊಂಡು ಹೊರಡಬೇಕು.