ಶ್ರೀಶೈಲದ ಕಾಲುದಾರಿ ಮತ್ತು ನಕಾಶೆಯ ಮಿತಿ

ಮೂಡಲಗಿ ತಾಲ್ಲೂಕಿನ ಕುಲಗೋಡವೂ ಆಂಧ್ರಪ್ರದೇಶದ ಶ್ರೀಶೈಲವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿ, ಅಂದರೆ ಸಮಭಾಜಕ ವೃತ್ತದಿಂದ ಉತ್ತರಕ್ಕೆ 16 ಡಿಗ್ರಿಯ ಆಸುಪಾಸಿನಲ್ಲಿ ಇರುವುದರಿಂದ, ಯುಗಾದಿಯ ಹೊತ್ತಿಗೆ ಈ ಸೀಮೆಯಿಂದ ಮಲ್ಲಯ್ಯನ (ಶ್ರೀಶೈಲದ ಮಲ್ಲಿಕಾರ್ಜುನನ) ಕಂಬಿ, ಅಂದರೆ ಕಾವಡಿ, ಹೊತ್ತು ಹೊರಡುವ ಪಾದಯಾತ್ರಿಕರಿಗೆ ಮುಂಜಾನೆಯ ಸೂರ್ಯನೇ ಮೊದಲ ದಿಕ್ಸೂಚಿ. ಹಗಲಿರುಳು ಸಮವಾಗುವ ಕಾಲದ ಆಚೀಚೆ ಅವನು ಹುಟ್ಟುವುದು ಬಹುತೇಕ ನೇರ ಪೂರ್ವದಲ್ಲಿ.

ನಕಾಶೆ ಅಷ್ಟು ನಂಬಿಗಸ್ತವಲ್ಲ. 1:50,000 ಪ್ರಮಾಣದ, ಎಂದರೆ ಒಂದು ಸೆಂಟಿಮೀಟರಿನಲ್ಲಿ ನೆಲದ 500 ಮೀಟರ್ ತೋರಿಸುವ ಹಾಳೆಯಲ್ಲಿ ಗೆರೆಯು ಒಂದು ಮಿಲಿಮೀಟರ್ ಸರಿದರೂ ದಾರಿ 50 ಮೀಟರ್ ತಪ್ಪುತ್ತದೆ; ಆಲಮಟ್ಟಿಯ ಹಿನ್ನೀರು ಹರಡುವ ಮೊದಲೇ ಅಚ್ಚಾದ ಹಾಳೆಯನ್ನು ನಂಬಿ ನಡೆದರಂತೂ ಬಾಗಲಕೋಟೆಯ ಬಳಿ ಹಳೆಯ ರಸ್ತೆ ನೀರಿನೊಳಗೆ ಇಳಿದುಬಿಡುತ್ತದೆ.

ಶ್ರೀಶೈಲಕ್ಕೆ ಮುನ್ನ ದಾಟಬೇಕಾದ ನಲ್ಲಮಲ ಕಾಡಿನಲ್ಲಿ ನೆರವಾಗುವುದು ಬಾಯಿಪಾಠದ ನಕಾಶೆ. ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು (ತೆಲುಗಿನಲ್ಲಿ ದೊಡ್ಡ ಕೆರೆ), ಭೀಮನ ಕೊಳ, ಕೈಲಾಸದ್ವಾರ ಎಂಬ ಹೆಸರುಗಳ ಸರಣಿಯು ದಾರಿಯನ್ನೂ ನೀರಿನ ನೆಲೆಯನ್ನೂ ಒಟ್ಟಿಗೇ ಹೇಳುತ್ತದೆ, ಮತ್ತು ಇದು ಯಾವ ಮುದ್ರಿತ ಹಾಳೆಗೂ ಕಡಿಮೆಯಲ್ಲದ ಜ್ಞಾನ. ಸರದಿಯಲ್ಲಿ ಬರಬೇಕಾದ ಹೆಸರು ಎದುರಾಗದಿದ್ದರೆ ಅಡ್ಡದಾರಿ ಹುಡುಕದೆ, ಖಚಿತವಾಗಿ ಗುರುತಿಸಿದ್ದ ಹಿಂದಿನ ನೆಲೆಗೇ ಮರಳಿ, ಅಲ್ಲಿಂದ ಮತ್ತೆ ಹೆಜ್ಜೆಯಿಡುವುದು ಕ್ಷೇಮಕರ.